ಅಂತರ್ಜಾಲವಿಲ್ಲದ ಗಣಕಯಂತ್ರಕ್ಕೆ ಕಚೇರಿ ತಂತ್ರಾಂಶ: ಮಳೆಗಾಲಕ್ಕೆ ಮುನ್ನ ಸದಸ್ಯರು ತಿಳಿದಿರಬೇಕಾದ ಸಂಗತಿಗಳು



ಮಳೆಗಾಲದಲ್ಲಿ ಮರ ಬಿದ್ದು ತಂತಿ ತುಂಡಾಗುವುದು, ಅದರ ಬೆನ್ನಿಗೇ ಅಂತರ್ಜಾಲ ನಿಲ್ಲುವುದು ಕೊಡ್ಲಿಪೇಟೆ ಹೋಬಳಿಗೆ ಹೊಸತಲ್ಲ. 2018ರ ಆಗಸ್ಟ್‌ನ ಅತಿವೃಷ್ಟಿಯಲ್ಲಿ ಜಿಲ್ಲೆಯ ಹಲವೆಡೆ ರಸ್ತೆ, ವಿದ್ಯುತ್, ದೂರವಾಣಿ ಮೂರೂ ಏಕಕಾಲಕ್ಕೆ ಕಡಿದುಹೋದವು. ಪಂಚತಂತ್ರ 2.0, ಇ-ಸ್ವತ್ತು ಮುಂತಾದವು ಸಂಪರ್ಕ ಮರಳುವವರೆಗೆ ಕಾಯಲೇಬೇಕು. ಆದರೆ ಮನೆ ಹಾನಿಯ ಪಟ್ಟಿ, ತಹಶೀಲ್ದಾರರಿಗೆ ಬರೆಯುವ ಪತ್ರ, ನಡವಳಿಯ ಕರಡು ಕಾಯುವಂಥವಲ್ಲ. ಇವುಗಳಿಗೆ ಬೇಕಾದುದು ಅಂತರ್ಜಾಲವಲ್ಲ; ಬ್ಯಾಟರಿ ಬಲದಲ್ಲಿ ನಡೆಯುವ ಒಂದು ಗಣಕಯಂತ್ರ ಮತ್ತು ಅದರೊಳಗೆ ಪೂರ್ಣವಾಗಿ ಅನುಸ್ಥಾಪಿಸಿದ ಕಚೇರಿ ತಂತ್ರಾಂಶ.

‘ಪೂರ್ಣವಾಗಿ’ ಎಂಬ ಮಾತಿಗೆ ಕಾರಣವಿದೆ. ಮೈಕ್ರೋಸಾಫ್ಟ್ ಆಫೀಸ್‌ಗೆಂದು ಸಾಮಾನ್ಯವಾಗಿ ಡೌನ್‌ಲೋಡ್ ಆಗುವ ಕಡತ ಕೆಲವೇ ಎಂಬಿ ಗಾತ್ರದ್ದು. ಅದು ತಂತ್ರಾಂಶವಲ್ಲ, ತಂತ್ರಾಂಶವನ್ನು ಅಂತರ್ಜಾಲದಿಂದ ತರುವ ಆಳು ಮಾತ್ರ. ಅದನ್ನು ಪೆನ್ ಡ್ರೈವ್‌ನಲ್ಲಿ ತಂದರೆ, ಕಾಫಿ ಬೀಜವೆಂದು ಹೊತ್ತು ತಂದ ಚೀಲದಲ್ಲಿ ಬರೀ ಸಿಪ್ಪೆ ಇದ್ದಂತಾಗುತ್ತದೆ. ಆಫ್‌ಲೈನ್ ಅನುಸ್ಥಾಪನೆಗೆ ಹಲವು ಜಿಬಿ ಗಾತ್ರದ ಬೇರೆಯೇ ಕಡತವಿದೆ. ಪೆನ್ ಡ್ರೈವ್ ಹಳೆಯ ಫ್ಯಾಟ್32 ವಿನ್ಯಾಸದಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಒಂದೇ ಕಡತ ಅದರಲ್ಲಿ ಕೂರುವುದಿಲ್ಲ. ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್‌ಗೆ ಬದಲಾಯಿಸಿಕೊಳ್ಳಬೇಕು. ಇಷ್ಟಾದರೂ ಪರವಾನಗಿಯ ಸಕ್ರಿಯಗೊಳಿಸುವಿಕೆ ಉಳಿಯುತ್ತದೆ. ಚಂದಾ ಆಧಾರಿತ ಮೈಕ್ರೋಸಾಫ್ಟ್ 365 ಅಂತೂ 30 ದಿನಕ್ಕೊಮ್ಮೆಯಾದರೂ ಸಂಪರ್ಕ ಕೇಳುತ್ತದೆ. ನಮ್ಮ ಮಳೆಗಾಲಕ್ಕೆ ಇದು ಹೊಂದುವುದಿಲ್ಲವೆಂಬುದು ನನ್ನ ಅಭಿಪ್ರಾಯ.

ಲಿಬ್ರೆಆಫೀಸ್‌ನ ರೀತಿ ಬೇರೆ. 2010ರಲ್ಲಿ ಓಪನ್‌ಆಫೀಸ್‌ನಿಂದ ಕವಲೊಡೆದ ಈ ಮುಕ್ತ ತಂತ್ರಾಂಶಕ್ಕೆ ಶುಲ್ಕವಿಲ್ಲ, ಪರವಾನಗಿ ಕೀಲಿಯಿಲ್ಲ, ಸಕ್ರಿಯಗೊಳಿಸುವ ಹಂತವೂ ಇಲ್ಲ. ಕೆಲವು ನೂರು ಎಂಬಿಯ ಒಂದೇ ಕಡತದಲ್ಲಿ ಎಲ್ಲವೂ ಇದೆ. ಅನುಸ್ಥಾಪಿಸುವಾಗ ‘ಕಸ್ಟಮ್’ ಆಯ್ಕೆಗೆ ಹೋದರೆ ಕನ್ನಡದ ಪರದೆಯನ್ನೂ ಸೇರಿಸಿಕೊಳ್ಳಬಹುದು. ಸಹಾಯ ಪುಟಗಳ ಕಡತ ಮಾತ್ರ ಪ್ರತ್ಯೇಕ. ಅದನ್ನು ತಾರದಿದ್ದರೆ ಎಫ್1 ಒತ್ತಿದಾಗ ತಂತ್ರಾಂಶವು ಅಂತರ್ಜಾಲವನ್ನೇ ಹುಡುಕುತ್ತದೆ. 25.8ನೇ ಆವೃತ್ತಿಯಿಂದ ವಿಂಡೋಸ್ 7 ಮತ್ತು 8ಕ್ಕೆ ಬೆಂಬಲವಿಲ್ಲ. ಹಳೆಯ ಯಂತ್ರವಿರುವ ಪಂಚಾಯಿತಿಗಳು ಅದಕ್ಕಿಂತ ಹಿಂದಿನ ಆವೃತ್ತಿಯನ್ನು, ಯಂತ್ರ 32 ಬಿಟ್‌ನದೋ 64 ಬಿಟ್‌ನದೋ ಎಂದು ನೋಡಿಕೊಂಡು ತರಬೇಕು. ಇಲಾಖೆಯ ಎಕ್ಸೆಲ್ ನಮೂನೆಗಳಲ್ಲಿ ಮ್ಯಾಕ್ರೋ ಇದ್ದರೆ ಅವು ಇದರಲ್ಲಿ ಸರಿಯಾಗಿ ನಡೆಯದಿರಬಹುದು. ಅಂತಹ ಕಚೇರಿಗಳು ಪರವಾನಗಿ ಪಡೆದ ಆಫೀಸ್ ಅನ್ನೂ ಉಳಿಸಿಕೊಳ್ಳಲಿ.

ತಂದ ಕಡತ ಅಸಲಿಯೇ ಎಂದು ತಿಳಿಯುವುದು ಸುಲಭ. ಅಧಿಕೃತ ತಾಣದಲ್ಲಿ ಪ್ರತಿ ಕಡತಕ್ಕೂ ಎಸ್‌ಎಚ್‌ಎ-256 ಎಂಬ 64 ಅಕ್ಷರಗಳ ಗುರುತು ಇರುತ್ತದೆ. ಡೌನ್‌ಲೋಡ್ ಮಾಡುವಾಗಲೇ ಅದನ್ನು ಬರೆದಿಟ್ಟುಕೊಂಡರೆ, ವಿಂಡೋಸ್‌ನಲ್ಲಿಯೇ ಇರುವ ಸರ್ಟ್‌ಯುಟಿಲ್ ಎಂಬ ಸಾಧನದಿಂದ ನಮ್ಮ ಕಚೇರಿಯಲ್ಲಿ ಹೋಲಿಸಬಹುದು. ಒಂದು ಅಕ್ಷರ ಬದಲಾದರೂ ಕಡತ ಕೆಟ್ಟಿದೆ ಅಥವಾ ತಿದ್ದಲಾಗಿದೆ ಎಂದರ್ಥ. ಪರಿಚಿತರು ಕೊಡುವ ‘ಕ್ರ್ಯಾಕ್’ ಪ್ರತಿಗೆ ಈ ಪರೀಕ್ಷೆಯೇ ಇಲ್ಲ. ಮನೆ ಕಂದಾಯದ ದಾಖಲೆಗಳಿರುವ ಯಂತ್ರಕ್ಕೆ ಅದನ್ನು ಹಾಕುವುದು ಕಾನೂನಿಗೂ ವಿರುದ್ಧ, ದಾಖಲೆಗಳಿಗೂ ಅಪಾಯ.

ಅದೇ ಪೆನ್ ಡ್ರೈವ್‌ನಲ್ಲಿ ನುಡಿ ತಂತ್ರಾಂಶ, ಅದರ ಅಕ್ಷರಶೈಲಿಗಳು ಹಾಗೂ ಮುದ್ರಣ ಯಂತ್ರದ ಡ್ರೈವರ್ ಕೂಡ ಇರಲಿ. ಯುನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರಗಳಲ್ಲಿ ಬೆರಳಚ್ಚಾದ ನಡವಳಿಗಳು, ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ.

ಸದಸ್ಯರು ಮೇ ತಿಂಗಳೊಳಗೆ ನಡೆಯುವ ಸಭೆಯ ದಿನ ಈ ಪರೀಕ್ಷೆಯನ್ನು ಮಾಡಿಸಬಹುದು. ಅಂತರ್ಜಾಲದ ಕೇಬಲ್ ತೆಗೆಸಿ, ಡಾಟಾ ಎಂಟ್ರಿ ಆಪರೇಟರ್ ಅವರಿಂದ ಒಂದು ಪುಟ ಕನ್ನಡದಲ್ಲಿ ಬೆರಳಚ್ಚು ಮಾಡಿಸಿ, ಅದನ್ನು ಪಿಡಿಎಫ್ ಆಗಿ ಉಳಿಸಿ, ಕಾಗದದ ಮೇಲೆ ಮುದ್ರಿಸಿ ನೋಡಿ. ಆ ಬಳಿಕ ಪೆನ್ ಡ್ರೈವ್ ಅನ್ನು ದಾಸ್ತಾನು ವಹಿಯಲ್ಲಿ ನಮೂದಿಸಿ ಕಚೇರಿಯ ಬೀರುವಿನಲ್ಲಿ ಇರಿಸತಕ್ಕದ್ದು.