ಸುರಪುರದ ಹುಡುಗ, ಅವನ ‘ಅಪ್ಪಾ’

ಸುಲೇಪೇಟ, ಸೇಡಂ, ಚಿತ್ತಾಪುರ ಕಡೆಯ ನಾವು 1857 ಅಂದ್ರೆ ಝಾನ್ಸಿ, ಮೀರತ್ ಅಂತ ಬರೆದು ಬರ್ತೀವಿ. ಆದರೆ ವಾಡಿಯಲ್ಲಿ ರಾಯಚೂರು ರೈಲು ಹತ್ತಿ, ಯಾದಗಿರಿಯಲ್ಲಿ ಇಳಿದು ಬಸ್ ಹಿಡಿದರೆ ಸುರಪುರ. ಆ ಕಾಲದ ದೊಡ್ಡ ಕತೆಯೊಂದು ಅಲ್ಲೇ ಇದೆ.

1841ರಲ್ಲಿ ಬೇಡ ನಾಯಕ ಮನೆತನದ ರಾಜಾ ಕೃಷ್ಣಪ್ಪ ನಾಯಕ ತೀರಿಕೊಂಡರು. ಮಗ ವೆಂಕಟಪ್ಪ ಇನ್ನೂ ಚಿಕ್ಕವನು. ತಾಯಿ ಈಶ್ವರಮ್ಮನಿಗೂ ಚಿಕ್ಕಪ್ಪನಿಗೂ ಅಧಿಕಾರದ ಜಗ್ಗಾಟ. ಆಗ ಆಡಳಿತ ನೋಡಿಕೊಳ್ಳಲು ಬಂದವನು ನಿಜಾಮನ ಸೈನ್ಯದ ಅಧಿಕಾರಿ ಮೆಡೋಸ್ ಟೇಲರ್. ಹುಡುಗ ಅವನನ್ನು ‘ಅಪ್ಪಾ’ ಅಂತಲೇ ಕರೆಯುತ್ತಿದ್ದ. 1853ರಲ್ಲಿ ಅಧಿಕಾರ ವೆಂಕಟಪ್ಪನ ಕೈಗೆ ಬಂತು, ಟೇಲರ್ ಹೊರಟ.

1858ರ ಫೆಬ್ರವರಿಯಲ್ಲಿ ಬ್ರಿಟಿಷ್ ಪಡೆ ಸುರಪುರಕ್ಕೆ ಬಂದಾಗ ಬೇಡರು ಎದುರು ನಿಂತರು. ಕ್ಯಾಪ್ಟನ್ ನ್ಯೂಬೆರಿ ಸತ್ತ. ಸೋತ ರಾಜ ಹೈದರಾಬಾದಿನಲ್ಲಿ ಸಿಕ್ಕಿಬಿದ್ದ. ಜೈಲಿಗೆ ಬಂದ ಟೇಲರ್, ನಿನ್ನನ್ನು ಎತ್ತಿಕಟ್ಟಿದವರು ಯಾರು ಅಂತ ಕೇಳಿದ. ರಾಜ ಒಬ್ಬರ ಹೆಸರೂ ಹೇಳಲಿಲ್ಲ, ಪ್ರಾಣಭಿಕ್ಷೆಯನ್ನೂ ಬೇಡಲಿಲ್ಲ. ಕೊನೆಗೆ ಮರಣದಂಡನೆ ತಪ್ಪಿ ನಾಲ್ಕು ವರ್ಷದ ಸೆರೆಯಾಯಿತು. ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲೇ ಗುಂಡೇಟಿನಿಂದ ಸತ್ತ. ಹೆಚ್ಚುಕಡಿಮೆ ನಮ್ಮದೇ ವಯಸ್ಸು. 1860ರ ಒಪ್ಪಂದದಲ್ಲಿ ಸುರಪುರ ನಿಜಾಮನ ಪಾಲಾಯಿತು.

ಜೈಲಿನ ಆ ಮಾತುಕತೆ ನಮಗೆ ತಿಳಿದದ್ದು 1877ರಲ್ಲಿ ಅಚ್ಚಾದ ಟೇಲರ್‌ನ ಆತ್ಮಕಥೆಯಿಂದ. ಪ್ರೀತಿಯಿಂದ ಬೆಳೆಸಿದವನೂ ಅವನೇ, ಸರ್ಕಾರದ ಪರವಾಗಿ ಪ್ರಶ್ನೆ ಕೇಳಿದವನೂ ಅವನೇ. ಓದುವಾಗ ಎರಡೂ ನೆನಪಿರಲಿ. ಸುರಪುರದ ಗೆಳೆಯರಿದ್ದರೆ, ಮನೆಯ ಹಿರಿಯರು ಹೇಳೋದನ್ನೂ ಕೇಳಿ ಬರೆದಿಡಿ.