ಮಾಳಿಗೆ ಕೊರೆಯದೆ ಡಿಶ್ ನಿಲ್ಲಿಸುವ ಬಗೆ



ಟೆಲಿವಿಷನ್ ಡಿಶ್ ಕೂರಿಸಲು ಬಂದವರು ಸಾಮಾನ್ಯವಾಗಿ ಆರ್‌ಸಿಸಿ ಮಾಳಿಗೆಗೆ ಮೂರು ನಾಲ್ಕು ತೂತು ಕೊರೆದು, ಬೋಲ್ಟು ಬಿಗಿದು, ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿ ಹೋಗುತ್ತಾರೆ. ಚಿತ್ರವೇನೋ ಚೆನ್ನಾಗಿ ಬರುತ್ತದೆ. ಆದರೆ ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಅದೇ ತೂತುಗಳಿಂದ ನೀರು ಇಳಿದು, ಒಳಗಿನ ಕಂಬಿಗೆ ತುಕ್ಕು ಹತ್ತಿ, ಕಾಳಿನ ಚೀಲ ಜೋಡಿಸಿಟ್ಟ ಕೋಣೆಯಲ್ಲಿ ತೇವ ಕಾಣಿಸಿಕೊಳ್ಳುವುದುಂಟು. ತೇವ ತಗುಲಿದ ಕಾಳಿನ ಗತಿ ಏನಾಗುತ್ತದೆಂಬುದನ್ನು ತಮಗೆ ಬಿಡಿಸಿ ಹೇಳಬೇಕಾಗಿಲ್ಲ. ಬಾಡಿಗೆ ಮನೆಯವರಿಗಂತೂ ಮಾಳಿಗೆ ಕೊರೆಯುವ ಅಧಿಕಾರವೇ ಇರುವುದಿಲ್ಲ. ಸುಗ್ಗಿ ಮುಗಿಯುವವರೆಗೆ ಹೊಲದ ಮನೆಯಲ್ಲಿ ಕಾವಲಿರುವವರಿಗೂ, ಹೊಸ ಮನೆ ಕಟ್ಟಿ ಮುಗಿಸುವ ತನಕ ಶೆಡ್ಡಿನಲ್ಲಿರುವವರಿಗೂ ಬೇಕಾಗಿರುವುದು ಕಿತ್ತು ಒಯ್ಯಬಹುದಾದ ಏರ್ಪಾಡು.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬಿಡಬೇಕು. ಹಿಂದಿನ ಕಾಲದ ಕಡ್ಡಿ ಆಂಟೆನಾ ಎತ್ತರದಲ್ಲಿದ್ದಷ್ಟೂ ಒಳ್ಳೆಯದಾಗಿತ್ತು. ಡಿಶ್‌ಗೆ ಆ ಮಾತು ಸಲ್ಲದು. ದೂರದರ್ಶನದ ಡಿಡಿ ಫ್ರೀ ಡಿಶ್ ಕಾರ್ಯಕ್ರಮಗಳು ಬರುವುದು ಜಿಸ್ಯಾಟ್-15 ಎಂಬ ಉಪಗ್ರಹದಿಂದ. 2015ರ ನವೆಂಬರಿನಲ್ಲಿ ಹಾರಿಸಿದ ಈ ಉಪಗ್ರಹವು ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿಲೋಮೀಟರು ಎತ್ತರದಲ್ಲಿ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ ನಿಂತಂತೆ ಇರುತ್ತದೆ. ನಮ್ಮ ರಾಜ್ಯದಿಂದ ನೋಡಿದರೆ ಅದು ಅಗ್ನಿ ಮೂಲೆಯಲ್ಲಿ, ನೆಲಮಟ್ಟದಿಂದ ಸುಮಾರು 62ರಿಂದ 66 ಡಿಗ್ರಿ ಮೇಲಕ್ಕಿದೆ; ಎಂದರೆ ನೆತ್ತಿಗೇ ಹತ್ತಿರ. ಹತ್ತು ಅಡಿ ಗೋಡೆ ಎದುರಿಗಿದ್ದರೂ ಡಿಶ್ ಅದರಿಂದ ಆರೇಳು ಅಡಿ ಈಚೆಗಿದ್ದರೆ ಅಡ್ಡಿಯಾಗದು. ಆದಕಾರಣ ಅಂಗಳದ ನೆಲದ ಮೇಲೆ, ಮೊಳಕಾಲೆತ್ತರದಲ್ಲಿ ಇಟ್ಟ ಡಿಶ್ ಕೂಡ ಮಾಳಿಗೆಯ ಮೇಲಿನದರಷ್ಟೇ ಕೆಲಸ ಮಾಡುತ್ತದೆ. ಮರಗಳ ವಿಷಯದಲ್ಲಿ ಮಾತ್ರ ಮುಂದಿನ ಎರಡು ವರ್ಷದ ಬೆಳವಣಿಗೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. (ಡಿಶ್‌ನ ಮುಖ ಕೆಳಗೆ ನೋಡುವಂತೆ ಕಂಡರೆ ಗಾಬರಿ ಬೇಡ, ಮನೆಯ ಡಿಶ್‌ಗಳ ಆಕಾರವೇ ಹಾಗೆ. ಅದು ಹಿಡಿಯುವ ಕಿರಣ ಇನ್ನೂ ಮೇಲಿನಿಂದ ಬರುತ್ತದೆ.) ಖಾಸಗಿ ಕಂಪನಿಯ ಡಿಶ್ ಇದ್ದವರು ಅದರ ದಿಕ್ಕನ್ನು ಕೇಳಿ ತಿಳಿಯತಕ್ಕದ್ದು, ಎಲ್ಲರ ಉಪಗ್ರಹವೂ ಒಂದೇ ಕಡೆ ಇಲ್ಲ.

ಎತ್ತರ ಬೇಡವಾದರೂ ಬಿಗಿ ಬೇಕೇ ಬೇಕು. ಎರಡು ಅಡಿಯ ಪೈಪಿನ ತಲೆ ಒಂದು ಅಂಗುಲ ವಾಲಿದರೆ ಸಾಕು, ಚಿತ್ರ ಒಡೆಯುತ್ತದೆ, ಇಲ್ಲವೆ ಪೂರಾ ಹೋಗುತ್ತದೆ. ಗಾಳಿಗೆ ಎದುರಾಗಿ ಮೊರ ಹಿಡಿದವರಿಗೆ ಅದರ ಎಳೆತ ಗೊತ್ತು. ಗಂಟೆಗೆ 100 ಕಿಲೋಮೀಟರು ವೇಗದ ಬಿರುಗಾಳಿ ಎರಡು ಅಡಿ ಅಗಲದ ಡಿಶ್ ಅನ್ನು ಸುಮಾರು 18 ಕಿಲೋ ಭಾರದಷ್ಟು ಬಲದಿಂದ ತಳ್ಳುತ್ತದೆ. ಇದನ್ನು ತಡೆಯಲು ಬೋಲ್ಟೇ ಆಗಬೇಕೆಂದಿಲ್ಲ. ಭಾರವೂ ಆದೀತು, ಮಣ್ಣೂ ಆದೀತು.

ಮಾಳಿಗೆಯ ಮೇಲೇ ಇಡಬೇಕೆನ್ನುವವರು ಮೂರು ಅಡಿ ಚೌಕದ ಆಂಗಲ್ ಕಬ್ಬಿಣದ ಚೌಕಟ್ಟು ಮಾಡಿಸಿ, ನಡುವೆ ಡಿಶ್‌ನ ಕಾಲನ್ನು ಬಿಗಿಸಬೇಕು. ಸಿಮೆಂಟಿನ ಖಾಲಿ ಚೀಲಕ್ಕೆ ಅರ್ಧದಷ್ಟು ಮರಳು ತುಂಬಿದರೆ 25-30 ಕಿಲೋ ಆಗುತ್ತದೆ. ಅಂಥ ನಾಲ್ಕು ಚೀಲಗಳನ್ನು ನಾಲ್ಕು ಮೂಲೆಗೆ ಹೇರಿ. ಚೌಕಟ್ಟಿನ ಕೆಳಗೆ ಹಳೆಯ ಟ್ಯೂಬಿನ ತುಂಡು ಹಾಕಿದರೆ ಜಾರುವುದಿಲ್ಲ, ಗಾರೆಯೂ ಕೆಡುವುದಿಲ್ಲ. ಮಾಳಿಗೆಯ ನಟ್ಟ ನಡುವೆ ಇಡದೆ ಗೋಡೆಯ ನೇರಕ್ಕೆ ಇಡುವುದು ಕ್ಷೇಮ. ಪ್ಲಾಸ್ಟಿಕ್ ಚೀಲ ಬಿಸಿಲಿಗೆ ಬೇಗ ಪುಡಿಯಾಗುವುದರಿಂದ ಎರಡು ಪದರ ಹಾಕಿ ಮೇಲೆ ಗೋಣಿ ಹೊದಿಸಬೇಕು. ಹೆಂಚಿನ ಮಾಡಿಗೆ, ರೀಪಿಗೆ ಡಿಶ್ ಕಟ್ಟಲೇಕೂಡದು.

ಬಣ್ಣದ ಡಬ್ಬಿಯಲ್ಲಿ ಕಾಂಕ್ರೀಟು ತುಂಬಿ ಪೈಪು ನೆಡುವ ರೂಢಿ ಕೆಲವೆಡೆ ಇದೆ. 20 ಲೀಟರಿನ ಡಬ್ಬಿ ಹತ್ತಿರ ಹತ್ತಿರ 48 ಕಿಲೋ ತೂಗಿದರೂ ತಳ ಕಿರಿದಾದ್ದರಿಂದ ಬಿರುಗಾಳಿಗೆ ಉರುಳುತ್ತದೆ. ಅದರ ಬದಲು ಹಳೆಯ ಕಾರಿನ ಟೈರಿನೊಳಗೆ ಕಾಂಕ್ರೀಟು ಹಾಕಿ ನಡುವೆ ಪೈಪು ನಿಲ್ಲಿಸುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯದು. ತಳ ಅಗಲ, ಭಾರವೂ ಸಾಕಷ್ಟು. ಮನೆ ಬಿಡುವಾಗ ಇಬ್ಬರು ಸೇರಿ ಉರುಳಿಸಿಕೊಂಡು ಹೋಗಬಹುದು.

ಹೊಲದ ಮನೆಯಲ್ಲಿ ನೆಲಕ್ಕೇ ಪೈಪು ಹೂಳುವುದು ಅಗ್ಗ. ಎರಡೂವರೆಯಿಂದ ಮೂರು ಅಡಿ ಆಳಕ್ಕೆ ಇಳಿಸಿ, ಸುತ್ತ ಸಣ್ಣ ಕಲ್ಲು ಮತ್ತು ಗರಸು ಹಾಕಿ ಹಾರೆಯಿಂದ ಧಮ್ಮಸ್ಸು ಮಾಡಬೇಕು. ಸಿಮೆಂಟು ಬೇಕಿಲ್ಲ. ಕೆಂಪು ನೆಲದಲ್ಲಿ ಇಷ್ಟು ಸಾಕು. ಎರೆ ಭೂಮಿಯ ಮಾತು ಬೇರೆ: ಮಳೆಗೆ ಉಬ್ಬುತ್ತದೆ, ಬೇಸಗೆಗೆ ಬಿರಿಯುತ್ತದೆ, ಅದರೊಡನೆ ಪೈಪೂ ವಾಲುತ್ತದೆ. ಅಲ್ಲಿ ಗುಂಡಿಯನ್ನು ಅಗಲವಾಗಿ ತೋಡಿ ಎರೆಮಣ್ಣು ತೆಗೆದುಹಾಕಿ ಬರೀ ಗರಸು ತುಂಬಬೇಕು. ಮೊದಲ ಹದ ಮಳೆಯಾದ ಮೇಲೆ ಪೈಪು ನೆಟ್ಟಗಿದೆಯೇ ಎಂದು ಗಾರೆಯವರ ಗುಂಡುದಾರ ಹಿಡಿದು ನೋಡಬೇಕು. ಎಮ್ಮೆ, ಎತ್ತುಗಳಿಗೆ ಇಂಥ ಪೈಪು ಕಂಡರೆ ಮೈ ತಿಕ್ಕುವ ಆಸೆ. ಸುತ್ತ ನಾಲ್ಕು ಮುಳ್ಳುಕಂಟಿ ಇಟ್ಟರೆ ಬಿರುಗಾಳಿಗಿಂತ ದೊಡ್ಡ ಕಾಟ ತಪ್ಪಿದಂತೆ.

ಮರಕ್ಕೆ ಕಟ್ಟಿದ ಡಿಶ್ ಮರದೊಡನೆ ತೂಗಾಡುತ್ತದೆ, ಪ್ರಯೋಜನವಿಲ್ಲ. ವಿದ್ಯುತ್ ಕಂಬಕ್ಕೆ ಕಟ್ಟುವುದು ಜೀವಕ್ಕೇ ಅಪಾಯ. ಪೈಪು ಯಾವ ಕಡೆಗೆ ಬಿದ್ದರೂ ಕರೆಂಟಿನ ತಂತಿಗೆ ತಾಗದಷ್ಟು ದೂರವಿರಬೇಕು. ಪೈಪನ್ನು ಎತ್ತಿ ನಿಲ್ಲಿಸುವಾಗಲೂ ಮೇಲೆ ನೋಡಿಯೇ ಎತ್ತಬೇಕು. ಗುಡುಗು ಸಿಡಿಲಿನ ಮೋಡ ಕವಿಯುವ ಮುನ್ನವೇ ಬಾಕ್ಸಿನಿಂದ ಕೇಬಲ್ಲು ಬಿಚ್ಚಿ, ಪ್ಲಗ್ಗು ಕಿತ್ತಿಡಬೇಕು. ಸಿಡಿಲು ಶುರುವಾದ ಮೇಲೆ ಕೇಬಲ್ಲು ಮುಟ್ಟಬಾರದು. ಕೇಬಲ್ಲು ಕಿಟಕಿಯೊಳಗೆ ಬರುವ ಮೊದಲು ಹೊರಗೆ ಒಂದು ಬಾಗು ಕೆಳಕ್ಕೆ ಇಳಿದಿದ್ದರೆ ಮಳೆನೀರು ಅಲ್ಲಿಯೇ ತೊಟ್ಟಿಕ್ಕುತ್ತದೆ, ಒಳಗೆ ಬರದು.

1975ರ ಆಗಸ್ಟಿನಲ್ಲಿ ಇಂದಿನ ವಿಜಯಪುರ, ಕಲಬುರಗಿ, ರಾಯಚೂರು ಕಡೆಯ ಹಳ್ಳಿಗಳಿಗೆ ಉಪಗ್ರಹದ ಮೂಲಕ ಮೊದಲು ಟೆಲಿವಿಷನ್ ಬಂದಾಗ ಹತ್ತು ಅಡಿ ಅಗಲದ ತಂತಿಬಲೆಯ ಡಿಶ್ ಬೇಕಾಗಿತ್ತು. ಈಗಿನದು ಎರಡು ಅಡಿ. ಬಿಚ್ಚಿದರೆ ಕಂಕುಳಲ್ಲಿ ಹೋಗುತ್ತದೆ.

ಬಿಚ್ಚುವಾಗ ಒಂದು ಕೆಲಸ ಮರೆಯಬೇಡಿ. ಡಿಶ್‌ನ ಹಿಂದಿನ ಪಟ್ಟಿಯಲ್ಲಿ ಎತ್ತರ ಇಳಿತ ಹೊಂದಿಸುವ ಬೋಲ್ಟು ಎಲ್ಲಿದೆಯೋ ಅಲ್ಲಿ ಬಣ್ಣದ ಗೆರೆ ಎಳೆಯಿರಿ, ಆ ಬೋಲ್ಟನ್ನು ಸಡಿಲಿಸಬೇಡಿ. ಅದೇ ತಾಲ್ಲೂಕಿನೊಳಗೆ ಎಲ್ಲಿ ನಿಲ್ಲಿಸಿದರೂ ಆ ಕೋನ ಬದಲಾಗುವುದಿಲ್ಲ. ಹೊಸ ಜಾಗದಲ್ಲಿ ಪೈಪನ್ನು ಗುಂಡುದಾರಕ್ಕೆ ಸರಿಯಾಗಿ ನಿಲ್ಲಿಸಿ, ಡಿಶ್ ಅನ್ನು ಅಗ್ನಿ ಮೂಲೆಯ ಆಚೀಚೆ ಬೆರಳಗಲದಷ್ಟೇ ನಿಧಾನವಾಗಿ ತಿರುಗಿಸುತ್ತ ಬನ್ನಿ. ಒಬ್ಬರು ಒಳಗೆ ಕುಳಿತು ಪರದೆಯ ಮೇಲಿನ ಸಿಗ್ನಲ್ ಗುಣಮಟ್ಟದ ಪಟ್ಟಿ ಏರುವುದನ್ನು ಕೂಗಿ ಹೇಳಿದರೆ ಸಾಕು.