ಹೊಲದ ಬಿಸಿಲು ಮತ್ತು ಮೂತ್ರಪಿಂಡ

ಕಲಬುರಗಿ, ರಾಯಚೂರು ಕಡೆಯ ರೈತರಿಗೆ ಬಿಸಿಲು ಹೊಸದಲ್ಲ. ಬೇಸಿಗೆಯಲ್ಲಿ ಅಲ್ಲಿ 40 ಡಿಗ್ರಿ ದಾಟುವುದು ಸಾಮಾನ್ಯ. ಆದರೆ ಭೂಮಿಯ ಸರಾಸರಿ ಉಷ್ಣತೆ ಕಳೆದ ನೂರೈವತ್ತು ವರ್ಷಗಳಲ್ಲಿ 1 ಡಿಗ್ರಿಗೂ ಹೆಚ್ಚು ಏರಿದ್ದು, ಬಿಸಿಗಾಳಿಯ ದಿನಗಳು ಹೆಚ್ಚುತ್ತಿವೆ. ಎರಡೆಕರೆಯ ರೈತನಿಗೆ ಆಳು ಇಟ್ಟುಕೊಳ್ಳುವ ಶಕ್ತಿಯಿಲ್ಲ, ಮನೆಮಂದಿಯೇ ಹೊಲಕ್ಕಿಳಿಯಬೇಕು.

ಆರೋಗ್ಯಕ್ಕೆ ಅನಿವಾರ್ಯವೆಂದು ಯುನಾನಿ ವೈದ್ಯಶಾಸ್ತ್ರ ಹೇಳುವ ಆರು ಅಂಶಗಳಲ್ಲಿ ಸುತ್ತಲಿನ ಗಾಳಿಯೇ ಮೊದಲನೆಯದು. ಗಾಳಿಯ ಗುಣ ಬದಲಾದರೆ ಊಟ, ನೀರು, ದುಡಿಮೆ, ವಿಶ್ರಾಂತಿ, ನಿದ್ದೆಗಳನ್ನೂ ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಬೇಕು.

ಮೂತ್ರಪಿಂಡಕ್ಕೆ ಏನಾಗುತ್ತದೆ?

ಬೆವರಿನಿಂದ ದೇಹ ತಂಪಾಗುತ್ತದೆ. ಬೆವರಿದಷ್ಟು ನೀರು ಕುಡಿಯದಿದ್ದರೆ ಮೂತ್ರಪಿಂಡಗಳಿಗೆ ಹರಿಯುವ ರಕ್ತ ಕಡಿಮೆಯಾಗುತ್ತದೆ. ಎಲ್ ಸಾಲ್ವಡಾರ್, ನಿಕರಾಗುವಾ ದೇಶಗಳ ಕಬ್ಬಿನ ಗದ್ದೆಗಳಲ್ಲಿ ಸಕ್ಕರೆ ಕಾಯಿಲೆಯಿಲ್ಲದ ಯುವಕರ ಮೂತ್ರಪಿಂಡಗಳೂ ಕೆಟ್ಟಿವೆ. ಬಿಸಿಲಿನ ದುಡಿಮೆ ಮತ್ತು ನೀರಿನ ಕೊರತೆ ಇದಕ್ಕೆ ಮುಖ್ಯ ಕಾರಣಗಳೆಂದು ಅನೇಕ ಸಂಶೋಧಕರು ಹೇಳುತ್ತಾರೆ. ಸಂಜೆ ಮೈಕೈ ನೋವೆಂದು ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್‌ನಂಥ ಮಾತ್ರೆ ನೀರಿಲ್ಲದೆ ಬಳಲಿದ ಮೂತ್ರಪಿಂಡಕ್ಕೆ ಇನ್ನೊಂದು ಪೆಟ್ಟು. ವೈದ್ಯರನ್ನು ಕೇಳದೆ ನುಂಗಬೇಡಿ.

ಹೊಲದಲ್ಲಿ ಮರೆಯಿಲ್ಲವೆಂದು ಹೆಣ್ಣುಮಕ್ಕಳು ದಿನವಿಡೀ ನೀರು ಕುಡಿಯದೆ, ಮೂತ್ರ ತಡೆದುಕೊಂಡು ಇರುತ್ತಾರೆ. ಉರಿಮೂತ್ರಕ್ಕೆ ಇದೂ ಒಂದು ಕಾರಣ. ಬದುವಿನ ಬಳಿ ನಾಲ್ಕು ಗೂಟ ನೆಟ್ಟು ತಟ್ಟಿನ ಮರೆ ಕಟ್ಟಿಕೊಡಿ. ಇದು ಮನೆಯ ಗಂಡಸರ ಹೊಣೆ.

ನೀವು ಮಾಡಬೇಕಾದುದು

1. ಬೆಳಗಿನ ಜಾವವೇ ಹೊಲಕ್ಕೆ ಹೋಗಿ. ಹನ್ನೆರಡರಿಂದ ನಾಲ್ಕರವರೆಗೆ ನೆರಳಿನಲ್ಲಿರಿ.

2. ಬಾಯಾರಿಕೆಗೆ ಕಾಯದೆ ಅರ್ಧ ಗಂಟೆಗೊಮ್ಮೆ ನೀರು ಕುಡಿಯಿರಿ. ಮೂತ್ರ ಕಡು ಹಳದಿಯಾಗಿದ್ದರೆ ನೀರು ಸಾಲುತ್ತಿಲ್ಲ ಎಂದರ್ಥ.

3. ತುಂಬಾ ಬೆವರಿದ ದಿನ ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ. ಸುಸ್ತು, ವಾಂತಿ ಇದ್ದರೆ ಓಆರ್‌ಎಸ್ ಕೊಡಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಸಾಕು. ಗುಲಾಬಿ ಶರಬತ್ತು ಹಿತವೇ, ಆದರೆ ಅದು ಓಆರ್‌ಎಸ್‌ಗೆ ಬದಲಿಯಲ್ಲ. ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು ಉಪ್ಪು, ನೀರಿನ ಪ್ರಮಾಣವನ್ನು ವೈದ್ಯರಲ್ಲಿ ಕೇಳಿಕೊಳ್ಳಿ.

4. ಮೈ ಕೆಂಡದಂತೆ ಸುಡುತ್ತಿದ್ದು, ಮಾತು ತೊದಲಿದರೆ ಅಥವಾ ಪ್ರಜ್ಞೆ ತಪ್ಪಿದರೆ ಅದು ಬಿಸಿಲಿನ ಆಘಾತ. ಯಾವ ಮನೆಮದ್ದಿಗೂ ಕಾಯಬೇಡಿ. ನಮ್ಮ ಯುನಾನಿ ಔಷಧಕ್ಕೂ ಅಲ್ಲ. 108ಕ್ಕೆ ಕರೆ ಮಾಡಿ. ನೆರಳಿಗೆ ತಂದು ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸುತ್ತಿರಿ. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬೇಡಿ.

ಬೆಳೆ ಹೋದರೆ ಮುಂದಿನ ವರ್ಷ ಮತ್ತೆ ಬಿತ್ತಬಹುದು. ಮೂತ್ರಪಿಂಡ ಪೂರ್ತಿ ಕೆಟ್ಟರೆ ಮರಳಿ ಸರಿಯಾಗುವುದು ಕಷ್ಟ. ನಾಳೆ ಹೊಲಕ್ಕೆ ಹೊರಡುವಾಗ ಬುತ್ತಿಯ ಜೊತೆ ಇನ್ನೊಂದು ಕೊಡ ನೀರನ್ನೂ ಒಯ್ಯಿರಿ.